ಹೊಸ ಹೃದಯಕ್ಕೆ ಹಳೆಯ ನೆತ್ತರಿನ ತಕರಾರು

1990ರ ದಶಕದ ನಡುಭಾಗದಲ್ಲಿ ಅಮೆರಿಕದ ಕೆಲವು ದೊಡ್ಡ ಆಸ್ಪತ್ರೆಗಳ ಹೃದಯ ವಾರ್ಡುಗಳಲ್ಲಿ ಒಂದು ಹೊಸ ನೋಟ ಕಾಣತೊಡಗಿತು. ಕೆಲವೇ ವಾರಗಳ ಹಿಂದೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಏದುಸಿರು ಬಿಡುತ್ತಿದ್ದ ರೋಗಿಗಳು ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದರು, ವ್ಯಾಯಾಮದ ಸೈಕಲ್ ತುಳಿಯುತ್ತಿದ್ದರು. ಅವರ ಹೊಟ್ಟೆಯೊಳಗೆ ಕಿಲೋಗಿಂತ ಹೆಚ್ಚು ತೂಗುವ ಒಂದು ಟೈಟಾನಿಯಂ ಪಂಪು ಕೂತಿತ್ತು. ಸೋತ ಹೃದಯದ ಎಡ ಕೆಳಕೋಣೆಯಿಂದ ರಕ್ತ ಎಳೆದುಕೊಂಡು ಮಹಾಪಧಮನಿಗೆ ತಳ್ಳುವುದು ಅದರ ಕೆಲಸ. ರಕ್ತ ಸರಿಯಾಗಿ ಹರಿದ ಮೇಲೆ ಮೂತ್ರಪಿಂಡ ಚೇತರಿಸಿಕೊಳ್ಳುತ್ತಿತ್ತು, ಹಸಿವು ಮರಳುತ್ತಿತ್ತು, ಕೈಕಾಲಿಗೆ ಬಲ ಬರುತ್ತಿತ್ತು. ಹೃದಯ ಕಸಿಗೆ ಇಷ್ಟು ಗಟ್ಟಿಯಾದ ರೋಗಿಗಳು ಅದುವರೆಗೆ ಶಸ್ತ್ರವೈದ್ಯರಿಗೆ ಸಿಕ್ಕಿದ್ದು ಕಡಿಮೆ.

ಆದರೆ ದಾನಿಯ ಹೃದಯ ಸಿಕ್ಕಿತು ಎಂದು ಫೋನು ಬಂದಾಗ ಇವರಲ್ಲಿ ಅನೇಕರ ಸರದಿ ತಪ್ಪಿಹೋಗುತ್ತಿತ್ತು. ಕಸಿಗೆ ಮೊದಲು ಒಂದು ಪರೀಕ್ಷೆ ಇದೆ. ದಾನಿಯ ಬಿಳಿ ರಕ್ತಕಣಗಳನ್ನು ರೋಗಿಯ ಸೀರಮ್‌ನಲ್ಲಿ ಇಟ್ಟು ನೋಡುತ್ತಾರೆ. ಕಣಗಳು ಬದುಕಿ ಉಳಿದರೆ ಮುಂದಿನ ಹೆಜ್ಜೆ, ಸತ್ತರೆ ಆ ಹೃದಯ ಇನ್ನೊಬ್ಬರಿಗೆ. ಪಂಪು ಹಾಕಿಸಿಕೊಂಡವರ ಸೀರಮ್‌ನಲ್ಲಿ ಕಣಗಳು ಸಾಯುವುದು ಹೆಚ್ಚಾಗತೊಡಗಿತ್ತು. ಪಂಪು ಹಾಕುವ ಮೊದಲು ತಟಸ್ಥವಾಗಿದ್ದ ರಕ್ತ, ಪಂಪು ಹಾಕಿದ ಕೆಲವು ವಾರಗಳಲ್ಲಿ ಅಪರಿಚಿತರ ಅಂಗಾಂಶದ ಮೇಲೆ ತಿರುಗಿ ಬೀಳಲು ಕಲಿತಿತ್ತು. ಕೆಲವು ಕೇಂದ್ರಗಳ ವರದಿಗಳಲ್ಲಿ ಹೀಗಾದವರ ಪಾಲು ಅರ್ಧಕ್ಕಿಂತ ಹೆಚ್ಚು. ಕಸಿಯವರೆಗೆ ಜೀವ ಹಿಡಿದಿಡಲೆಂದು ಹಾಕಿದ ಯಂತ್ರವೇ ಕಸಿಗೆ ಅಡ್ಡ ಬರುತ್ತಿತ್ತು.

ವೈದ್ಯರು ಇದನ್ನು ಸೆನ್ಸಿಟೈಸೇಶನ್ ಎನ್ನುತ್ತಾರೆ. ಪಾರಿಭಾಷಿಕ ಕೋಶದ ಶೈಲಿಯಲ್ಲಿ 'ಸಂವೇದನೀಕರಣ' ಎಂದು ಅನುವಾದಿಸಬಹುದು, ಆದರೆ ಓದುವವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಒಮ್ಮೆ ಜಗಳವಾಡಿದವನನ್ನು ಸಂತೆಯ ಗುಂಪಿನಲ್ಲೂ ಗುರುತು ಹಿಡಿಯುವ ಹಾಗೆ, ಒಮ್ಮೆ ಕಂಡ ಪರಕೀಯ ಗುರುತನ್ನು ರಕ್ತ ನೆನಪಿಟ್ಟುಕೊಂಡು ಅದಕ್ಕೆಂದೇ ಪ್ರತಿಕಾಯಗಳನ್ನು ತಯಾರಿಸಿಟ್ಟುಕೊಳ್ಳುವುದು ಎಂದರೆ ಸರಿಹೋದೀತು. 'ಕಸಿ' ಎಂಬ ಮಾತಿಗೂ ಇಲ್ಲಿ ಒಂದು ಸಣ್ಣ ತಮಾಷೆ ಇದೆ. ನಮಗೆ ಅದು ಮಾವಿನ ತೋಪಿನಿಂದ ಬಂದ ಪದ. ಒಂದು ಗಿಡದ ಕಾಂಡಕ್ಕೆ ಇನ್ನೊಂದರ ಕುಡಿ ಕಟ್ಟಿದರೆ ಜಾತಿ ಹತ್ತಿರದ್ದಾದಲ್ಲಿ ಗಿಡ ತಕರಾರು ಮಾಡುವುದಿಲ್ಲ. ಮನುಷ್ಯನ ಮೈ ಮಾಡುತ್ತದೆ, ಮತ್ತು ಎರಡನೆಯ ಸಲ ಇನ್ನೂ ಜೋರಾಗಿ ಮಾಡುತ್ತದೆ.

ಆ 'ಎರಡನೆಯ ಸಲ' ಸ್ಪಷ್ಟವಾಗಿ ಗಮನಕ್ಕೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಮತ್ತು ಪ್ರಾಣಿಶಾಸ್ತ್ರಜ್ಞ ಪೀಟರ್ ಮೆಡವಾರ್ ಸುಟ್ಟಗಾಯದ ಒಬ್ಬ ಮಹಿಳೆಗೆ ಅವಳ ಅಣ್ಣತಮ್ಮನ ಚರ್ಮದ ತುಣುಕುಗಳನ್ನು ಅಂಟಿಸಿ ನೋಡಿದರು. ಮೊದಲ ಕಂತಿನ ಚರ್ಮ ಕೆಲವು ದಿನ ಬಾಳಿ ಉದುರಿತು. ಅದೇ ದಾನಿಯಿಂದ ತೆಗೆದ ಎರಡನೆಯ ಕಂತು ಅದಕ್ಕಿಂತ ಬೇಗ ಹಾಳಾಯಿತು. 1943ರಲ್ಲಿ ಪ್ರಕಟವಾದ ಈ ವರದಿ, ತಿರಸ್ಕಾರವೆಂದರೆ ಕಲಿತದ್ದು, ನೆನಪಿಟ್ಟದ್ದು ಎಂದು ತೋರಿಸಿತು. ಮೆಡವಾರ್‌ಗೆ 1960ರಲ್ಲಿ ನೊಬೆಲ್ ಬಂತು.

ರಕ್ತ ನೆನಪಿಡುವುದು ಯಾವ ಗುರುತನ್ನು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತಾಯಂದಿರಿಂದ. 1958ರಲ್ಲಿ ಪ್ಯಾರಿಸ್ಸಿನ ಜ್ಯಾಂ ದೋಸೆ, ಹಲವು ಸಲ ರಕ್ತ ಪಡೆದವರ ಸೀರಮ್‌ ಬೇರೆಯವರ ಬಿಳಿ ರಕ್ತಕಣಗಳನ್ನು ಗುರುತಿಸುವುದನ್ನು ವಿವರಿಸಿದರು. ಅದೇ ವರ್ಷ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಯಾನ್ ವಾನ್ ರೂಡ್, ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ರೋಸ್ ಪೇನ್, ರಕ್ತವನ್ನೇ ಪಡೆಯದ ಹೆಂಗಸರಲ್ಲೂ ಇಂಥ ಪ್ರತಿಕಾಯಗಳಿರುವುದನ್ನು ಕಂಡರು. ಅವರೆಲ್ಲ ಬಸುರಾದವರು. ಮಗುವಿನ ಅರ್ಧ ಗುರುತುಗಳು ತಂದೆಯವು. ಬಸಿರು ಮತ್ತು ಹೆರಿಗೆಯಲ್ಲಿ ಮಗುವಿನ ಕಣಗಳು ತಾಯಿಯ ರಕ್ತಕ್ಕೆ ಸೇರುತ್ತವೆ, ತಾಯಿಯ ರಕ್ತ ಆ ಪರಕೀಯ ಅರ್ಧವನ್ನು ನೆನಪಿಡುತ್ತದೆ. ಹೆತ್ತವಳು ಮಗುವಿಗೆ ಏನೂ ಮಾಡುವುದಿಲ್ಲ, ಆದರೆ ಅವಳ ಸೀರಮ್ ಗಂಡನ ಕಡೆಯ ಗುರುತುಗಳ ಪಟ್ಟಿಯನ್ನು ವರ್ಷಗಟ್ಟಲೆ ಇಟ್ಟುಕೊಂಡಿರುತ್ತದೆ.

ಈ ಗುರುತುಗಳಿಗೆ ಮುಂದೆ ಎಚ್‌ಎಲ್‌ಎ ಎಂಬ ಹೆಸರು ಬಂತು. ಒಬ್ಬರಿಂದೊಬ್ಬರಿಗೆ ಬೇರೆಯಾಗುವ ನೂರಾರು ರೂಪಗಳನ್ನು ವಿಂಗಡಿಸಲು ಪ್ರಯೋಗಾಲಯಗಳಿಗೆ ಬೇಕಾದದ್ದು ಹಲವು ಮಕ್ಕಳನ್ನು ಹೆತ್ತ ಹೆಂಗಸರ ಸೀರಮ್. ಹೆರಿಗೆ ಆಸ್ಪತ್ರೆಗಳಿಂದ ಅದನ್ನು ಸಾವಿರಾರು ಸಂಖ್ಯೆಯಲ್ಲಿ ಸಂಗ್ರಹಿಸಿದರು. ದಶಕಗಳ ಕಾಲ ಜಗತ್ತಿನ ಅಂಗಾಂಶ ಹೊಂದಾಣಿಕೆಯ ವಿಜ್ಞಾನ ನಿಂತಿದ್ದು ಹೆಸರಿಲ್ಲದ ಆ ತಾಯಂದಿರ ರಕ್ತದ ಮೇಲೆ. ದೋಸೆಗೆ 1980ರಲ್ಲಿ ನೊಬೆಲ್ ಬಂತು, ಪೇನ್ ಮತ್ತು ವಾನ್ ರೂಡ್‌ಗೆ ಬರಲಿಲ್ಲ.

ಆ ಸೀರಮ್‌ಗಳನ್ನು ದಿನಬಳಕೆಯ ಪರೀಕ್ಷೆಯಾಗಿ ಮಾಡಿದವರು ಲಾಸ್ ಏಂಜಲೀಸ್‌ನ ಪಾಲ್ ತೆರಸಾಕಿ. ಜಪಾನಿ ಮೂಲದವರೆಂಬ ಕಾರಣಕ್ಕೆ ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರ ಅವರ ಕುಟುಂಬವನ್ನು ಅರಿಜೋನಾದ ಮರುಭೂಮಿಯ ಶಿಬಿರಕ್ಕೆ ತಳ್ಳಿತ್ತು. ಹದಿಹರೆಯ ಅಲ್ಲೇ ಕಳೆದ ಹುಡುಗ ಮುಂದೆ ಲಂಡನ್ನಿನಲ್ಲಿ ಮೆಡವಾರ್ ಬಳಿ ಕೆಲಸ ಕಲಿತು ಬಂದರು. 1964ರಲ್ಲಿ ಅವರು ತಂದ ವಿಧಾನಕ್ಕೆ ಸೀರಮ್ ಬೇಕಾದದ್ದು ಒಂದು ಮೈಕ್ರೋಲೀಟರ್, ಅಂದರೆ ಲೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಅಷ್ಟಷ್ಟೇ ಹಾಕಿ, ಕಣ ಸೇರಿಸಿ, ಯಾವ ಗುಳಿಯಲ್ಲಿ ಸಾವಾಯಿತೆಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಈ ತಟ್ಟೆಗಳು ಜಗತ್ತಿನ ಕಸಿ ಪ್ರಯೋಗಾಲಯಗಳಿಗೆಲ್ಲ ಹೋದವು.

1969ರಲ್ಲಿ ಪಟೇಲ್ ಜೊತೆ ತೆರಸಾಕಿ ಪ್ರಕಟಿಸಿದ ಲೆಕ್ಕ ಇಂದಿಗೂ ಕಸಿ ವೈದ್ಯರಿಗೆ ಬಾಯಿಪಾಠ. ದಾನಿಯ ಕಣಗಳನ್ನು ಕೊಲ್ಲುವ ಪ್ರತಿಕಾಯ ಇದ್ದಾಗಲೂ ಮೂತ್ರಪಿಂಡ ಕಸಿ ಮಾಡಿದ 30 ಪ್ರಕರಣಗಳಲ್ಲಿ 24 ಕೂಡಲೇ ವಿಫಲವಾಗಿದ್ದವು. ಪ್ರತಿಕಾಯ ಇಲ್ಲದ 195ರಲ್ಲಿ ಹಾಗಾದದ್ದು 8. ಮೇಜಿನ ಮೇಲೆಯೇ, ರಕ್ತನಾಳ ಜೋಡಿಸಿದ ಕೆಲವೇ ನಿಮಿಷಗಳಲ್ಲಿ ಮೂತ್ರಪಿಂಡ ನೀಲಿಗಟ್ಟಿ ಸಾಯುವುದನ್ನು ಶಸ್ತ್ರವೈದ್ಯರು ಅದಾಗಲೇ ಕಂಡಿದ್ದರು. ಮೂತ್ರಪಿಂಡ ಹೋದರೆ ರೋಗಿಯನ್ನು ಮತ್ತೆ ಡಯಾಲಿಸಿಸ್‌ಗೆ ಕಳಿಸಬಹುದು. ಹೃದಯಕ್ಕೆ ಹಾಗೆ ಹಿಂದಿರುಗುವ ದಾರಿ ಇಲ್ಲ.

ಹೃದಯ ಕಸಿ ಶುರುವಾಗಿ ಆಗ ಎರಡು ವರ್ಷವೂ ಆಗಿರಲಿಲ್ಲ. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮಾಡಿದ ಮೊದಲ ಕಸಿಯ ರೋಗಿ 18 ದಿನ ಬದುಕಿದರು. ಮುಂದಿನ ಫೆಬ್ರವರಿಯಲ್ಲೇ ಮುಂಬೈಯ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಅದಕ್ಕೆ ಕೈಹಾಕಿದರು. ರೋಗಿ ಉಳಿದದ್ದು ಕೆಲವೇ ಗಂಟೆ. 1968ರಲ್ಲಿ ಜಗತ್ತಿನಾದ್ಯಂತ ನೂರಕ್ಕೂ ಹೆಚ್ಚು ಹೃದಯ ಕಸಿಗಳಾದವು, ಹೆಚ್ಚಿನವರು ತಿಂಗಳುಗಳಲ್ಲೇ ತೀರಿಕೊಂಡರು, ಬಹುತೇಕ ಆಸ್ಪತ್ರೆಗಳು ಕೆಲಸ ನಿಲ್ಲಿಸಿದವು. ಸ್ಟ್ಯಾನ್‌ಫರ್ಡ್‌ನ ನಾರ್ಮನ್ ಶಮ್ವೇಯಂಥ ಕೆಲವರು ಪಟ್ಟು ಬಿಡದೆ ಮುಂದುವರಿಸಿದರು. 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಬಂದ ಮೇಲೆ ಹೃದಯ ಕಸಿ ಸಾಹಸದಿಂದ ಚಿಕಿತ್ಸೆಯ ಮಟ್ಟಕ್ಕೆ ಬಂತು. ಕಸಿ ಯಶಸ್ವಿಯಾಗತೊಡಗಿದ ಕೂಡಲೇ ಸರದಿ ಸಾಲು ಉದ್ದವಾಯಿತು, ಸಾಲಿನಲ್ಲಿ ನಿಂತವರು ಹೃದಯ ಸಿಗುವ ಮೊದಲೇ ಸಾಯತೊಡಗಿದರು. ಪಂಪಿನ ಅಗತ್ಯ ಹುಟ್ಟಿದ್ದು ಅಲ್ಲಿ.

ರಕ್ತ ಪಂಪು ಮಾಡುವ ಯಂತ್ರಗಳ ಹಳೆಯ ಶತ್ರು ಹೆಪ್ಪು. ಲೋಹವನ್ನೋ ಪ್ಲಾಸ್ಟಿಕ್ಕನ್ನೋ ಕನ್ನಡಿಯಷ್ಟು ನುಣುಪು ಮಾಡಿದರೂ ರಕ್ತ ಎಲ್ಲೋ ಒಂದು ಮೂಲೆಯಲ್ಲಿ ಹೆಪ್ಪುಗಟ್ಟಿ, ಚೂರು ಕಳಚಿಕೊಂಡು ಮಿದುಳಿಗೆ ಹೋಗಿ ಲಕ್ವ ಹೊಡೆಸುತ್ತದೆ. ಹಾರ್ಟ್‌ಮೇಟ್ ಎಂಬ ಪಂಪನ್ನು ರೂಪಿಸಿದವರು ಇದನ್ನು ತಿರುಗುಮುರುಗು ಮಾಡಿದರು. ಗಾರೆ ಕಚ್ಚಿಕೊಳ್ಳಲಿ ಎಂದು ಗೋಡೆಯನ್ನು ಒರಟು ಮಾಡುವಂತೆ, ಪಂಪಿನ ಒಳಮೈಗೆ ಟೈಟಾನಿಯಂನ ಸಣ್ಣ ಗುಂಡುಗಳನ್ನು ಬೆಸೆದರು, ಮೇಲೆ ಕೆಳಗೆ ಆಡುವ ಪಾಲಿಯುರಿಥೇನ್ ಪದರವನ್ನು ನಾರುನಾರಾಗಿ ಮಾಡಿದರು. ರಕ್ತ ಬಂದು ಅಂಟಿಕೊಳ್ಳಲಿ, ಅಂಟಿದ್ದು ಕಳಚದಿರಲಿ, ರೋಗಿಯ ಸ್ವಂತ ಕಣಗಳೇ ಅಲ್ಲಿ ಒಂದು ತೆಳು ಒಳಪದರ ಕಟ್ಟಲಿ ಎಂಬ ಲೆಕ್ಕಾಚಾರ. ಲೆಕ್ಕ ಸರಿಯಾಯಿತು. ಲಕ್ವ ಕಡಿಮೆಯಾಯಿತು, ರಕ್ತ ತೆಳುವಾಗಿಸುವ ವಾರ್ಫರಿನ್ ಇಲ್ಲದೆ ಆಸ್ಪಿರಿನ್‌ನಲ್ಲೇ ಹೆಚ್ಚಿನವರನ್ನು ನಿಭಾಯಿಸಬಹುದಾಯಿತು. ಯಂತ್ರವನ್ನು ಮೈಗೆ ಒಗ್ಗಿಸುವ ಉಪಾಯಗಳಲ್ಲಿ ಇಷ್ಟು ಜಾಣತನದ್ದು ಅದಕ್ಕೆ ಮೊದಲು ಬಂದಿರಲಿಲ್ಲ.

1994ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕಸಿಯವರೆಗಿನ ಸೇತುವೆಯಾಗಿ ಹಾರ್ಟ್‌ಮೇಟ್‌ಗೆ ಒಪ್ಪಿಗೆ ಕೊಟ್ಟಿತು. ಭಾರತದಲ್ಲಿ ಮಿದುಳು ಸಾವಿಗೆ ಮಾನ್ಯತೆ ಕೊಟ್ಟ ಅಂಗಾಂಗ ಕಸಿ ಕಾಯಿದೆ ಬಂದದ್ದೂ ಅದೇ ವರ್ಷ. ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ಪರೇಲಿನ ಆ ಪ್ರಯತ್ನಕ್ಕೂ ಇದಕ್ಕೂ ನಡುವೆ 26 ವರ್ಷ. ನಮ್ಮಲ್ಲಿ ಕಸಿ ಶುರುವಾಗುವ ಹೊತ್ತಿಗೆ ಅಲ್ಲಿ ಕಸಿಗೆ ಹೊಸ ತೊಡಕು ಶುರುವಾಗಿತ್ತು.

ತೊಡಕಿಗೆ ಮೊದಲ ಅನುಮಾನ ಬಿದ್ದದ್ದು ರಕ್ತದ ಬಾಟಲಿಗಳ ಮೇಲೆ. ಪಂಪು ಹಾಕುವುದೆಂದರೆ ದೊಡ್ಡ ಶಸ್ತ್ರಚಿಕಿತ್ಸೆ, ರಕ್ತಸ್ರಾವ ವಿಪರೀತ. ರೋಗಿಗೆ ಹಲವು ಜನರ ಕೆಂಪು ಕಣ, ಪ್ಲೇಟ್‌ಲೆಟ್ ಕೊಡಬೇಕಾಗುತ್ತದೆ. ಕೊಟ್ಟ ರಕ್ತದಲ್ಲಿ ದಾನಿಯ ಬಿಳಿ ಕಣಗಳು ಬೆರೆತಿರುತ್ತವೆ. ಪ್ಲೇಟ್‌ಲೆಟ್‌ಗಳ ಮೈಮೇಲೂ ಮೊದಲ ವರ್ಗದ ಎಚ್‌ಎಲ್‌ಎ ಗುರುತುಗಳಿವೆ. ಪ್ಲೇಟ್‌ಲೆಟ್ ಹೆಚ್ಚು ಪಡೆದವರಲ್ಲಿ ಆ ವರ್ಗದ ವಿರುದ್ಧದ ಪ್ರತಿಕಾಯ ಹೆಚ್ಚು ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 1998ರಲ್ಲಿ ವರದಿ ಮಾಡಿತು.

ರಕ್ತ ಮರುಪೂರಣದ ಬಗ್ಗೆ ಕಸಿ ವೈದ್ಯರ ನಿಲುವು ಒಮ್ಮೆ ಪೂರ್ತಿ ಮಗುಚಿಬಿದ್ದದ್ದೂ ಉಂಟು. 1973ರಲ್ಲಿ ಗೆರ್ಹಾರ್ಡ್ ಒಪೆಲ್ಜ್ ಮತ್ತು ಅದೇ ತೆರಸಾಕಿ, ಕಸಿಗೆ ಮೊದಲು ರಕ್ತ ಪಡೆದವರ ಮೂತ್ರಪಿಂಡಗಳೇ ಹೆಚ್ಚು ಬಾಳುತ್ತವೆ ಎಂದು ತೋರಿಸಿದ್ದರು. ಅದನ್ನು ನಂಬಿ ಅನೇಕ ಕೇಂದ್ರಗಳು ರೋಗಿಗಳಿಗೆ ಬೇಕೆಂದೇ ರಕ್ತ ಕೊಡುತ್ತಿದ್ದವು. ಕೆಲವರಿಗೆ ಲಾಭವಾಯಿತು, ಕೆಲವರ ರಕ್ತ ಪ್ರತಿಕಾಯ ಕಟ್ಟಿಕೊಂಡು ಕಸಿಯ ಬಾಗಿಲೇ ಮುಚ್ಚಿತು. ಸೈಕ್ಲೋಸ್ಪೋರಿನ್ ಬಂದ ಮೇಲೆ ಆ ಲಾಭ ಕರಗಿತು, ಪದ್ಧತಿ ನಿಂತಿತು. ರೋಗಿಗಳಿಗೆ ಬೇಕೆಂದೇ ರಕ್ತ ಕೊಟ್ಟ ಅದೇ ಪೀಳಿಗೆಯ ವೈದ್ಯರು ಈಗ ಪಂಪಿನ ರೋಗಿಗಳಿಗೆ ಒಂದೊಂದು ಬಾಟಲಿಗೂ ಲೆಕ್ಕ ಇಡುತ್ತಿದ್ದರು.

ಬಿಳಿ ಕಣ ಸೋಸಿದ ರಕ್ತ ಬಳಕೆಗೆ ಬಂತು. ಸೋಸಿದರೂ ಸಮಸ್ಯೆ ತೀರಲಿಲ್ಲ. ಹಾಗಾದರೆ ಬಾಟಲಿಯ ಆಚೆಗೂ ಏನೋ ಇದೆ ಎಂದಾಯಿತು. ಕೊಲಂಬಿಯಾದಲ್ಲಿ ಸಿಲ್ವಿಯು ಇಟೆಸ್ಕು, ಎರಿಕ್ ರೋಸ್ ಮುಂತಾದವರು ಹೊರತೆಗೆದ ಪಂಪುಗಳ ಒಳಮೈಯನ್ನೇ ಪರೀಕ್ಷಿಸತೊಡಗಿದರು. ಆ ತಂಡದಲ್ಲಿ ಮೆಹ್ಮೆತ್ ಓಜ್ ಎಂಬ ಯುವ ಶಸ್ತ್ರವೈದ್ಯರೂ ಇದ್ದರು. ಮುಂದೆ ಟಿವಿಯಲ್ಲಿ ಡಾಕ್ಟರ್ ಓಜ್ ಆಗಿ ಮನೆಮಾತಾಗಿ, ಆಮೇಲೆ ರಾಜಕೀಯಕ್ಕೂ ಹೋದವರು ಇವರೇ. ಟಿವಿಯ ಓಜ್‌ಗಿಂತ ಪಂಪಿನ ಒಳಮೈ ಕೆರೆದು ನೋಡಿದ ಓಜ್ ವೈದ್ಯಕೀಯಕ್ಕೆ ಹೆಚ್ಚು ಉಪಕಾರ ಮಾಡಿದರು ಎನ್ನಬೇಕು.

ಅವರು ಕಂಡದ್ದು ಇಷ್ಟು. ಹೆಪ್ಪು ಕಳಚದಿರಲಿ ಎಂದು ಮಾಡಿದ ಒರಟು ಮೈಗೆ ಬರೀ ಒಳಪದರದ ಕಣಗಳು ಬಂದಿರಲಿಲ್ಲ, ರೋಗನಿರೋಧಕ ಪಡೆಯೂ ಬಂದು ಬೀಡುಬಿಟ್ಟಿತ್ತು. ಮ್ಯಾಕ್ರೋಫೇಜ್‌ಗಳು, ಟಿ ಕಣಗಳು ಅಲ್ಲಿ ಹಗಲಿರುಳು ಕೆರಳಿದ ಸ್ಥಿತಿಯಲ್ಲಿದ್ದವು. ಹೀಗೆ ಕೆರಳಿದ ಟಿ ಕಣಗಳು ಬೇಗ ಸಾಯುತ್ತವೆ. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ವರದಿ, ಪಂಪಿನ ರೋಗಿಗಳಲ್ಲಿ ಟಿ ಕಣಗಳ ಸಾವು ಹೆಚ್ಚಿರುವುದನ್ನೂ ಅವರಿಗೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಹೆಚ್ಚಾಗಿ ತಗಲುವುದನ್ನೂ ದಾಖಲಿಸಿತು. ಸಾಯುವ ಮುನ್ನ ಈ ಟಿ ಕಣಗಳು ಬಿ ಕಣಗಳಿಗೆ ಸಂಕೇತ ಕೊಟ್ಟಿರುತ್ತವೆ. ಬಿ ಕಣಗಳು ಆ ಹುರುಪಿನಲ್ಲಿ ಸಿಕ್ಕಸಿಕ್ಕದ್ದರ ವಿರುದ್ಧ ಪ್ರತಿಕಾಯ ಸುರಿಸುತ್ತವೆ. ಹೀಗಾಗಿ ಒಂದೇ ದೇಹದಲ್ಲಿ ಎರಡು ವಿರುದ್ಧ ಸಂಗತಿಗಳು ಒಟ್ಟಿಗೆ ನಡೆಯುತ್ತಿದ್ದವು. ಶಿಲೀಂಧ್ರವನ್ನು ತಡೆಯಲು ಶಕ್ತಿ ಇಲ್ಲ, ಇನ್ನೂ ಬಾರದ ಹೃದಯವನ್ನು ತಿರಸ್ಕರಿಸಲು ಬೇಕಾದಷ್ಟಿದೆ.

ಮುಂದಿನ ಕೆಲಸ ಆ ಪ್ರತಿಕಾಯಗಳನ್ನು ಇಳಿಸುವುದು. ಪ್ಲಾಸ್ಮಾಫೆರೆಸಿಸ್ ಮಾಡಿದರು, ಅಂದರೆ ರಕ್ತವನ್ನು ಹೊರಗೆ ಹರಿಸಿ, ಪ್ರತಿಕಾಯವಿರುವ ದ್ರವ ತೆಗೆದು, ಕಣಗಳನ್ನು ಮಾತ್ರ ಹಿಂದಿರುಗಿಸುವುದು. ಪ್ರತಿಕಾಯ ಇಳಿಯುತ್ತಿತ್ತು, ಜೊತೆಗೆ ಸೋಂಕು ಏರುತ್ತಿತ್ತು. ಹೊಟ್ಟೆಯಿಂದ ಚರ್ಮ ತೂರಿ ಹೊರಬರುವ ತಂತಿ ಇರುವವರಿಗೆ ಸೋಂಕೆಂದರೆ ಸಣ್ಣ ಮಾತಲ್ಲ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತಯಾರಿಸಿದ ಇಮ್ಯುನೋಗ್ಲಾಬ್ಯುಲಿನ್ನನ್ನು ನರಕ್ಕೆ ಏರಿಸಿದರು. ಬೇರೆಯವರ ಪ್ರತಿಕಾಯಗಳ ಪ್ರವಾಹ ರೋಗಿಯ ಪ್ರತಿಕಾಯಗಳನ್ನು ಹತ್ತಿಕ್ಕುತ್ತದೆ. ಪಂಪಿನ ರೋಗಿಗಳಲ್ಲಿ ಅದು ಕಾಯುವ ಕಾಲವನ್ನು ತಗ್ಗಿಸಿತೆಂದು ಕೊಲಂಬಿಯಾ 1999ರಲ್ಲಿ ವರದಿ ಮಾಡಿತು. ಮೂತ್ರಪಿಂಡಕ್ಕೆ ಅದರ ಹೊರೆ ಇತ್ತು. ಸೈಕ್ಲೋಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧವನ್ನೂ ಜೊತೆಗೆ ಕೊಟ್ಟು ನೋಡಿದರು.

ಅಲ್ಲಿಂದ ಮುಂದಿನ ಕಾಲು ಶತಮಾನದ ಔಷಧಗಳ ಪಟ್ಟಿ ನೋಡಿದರೆ ಹೆಚ್ಚಿನವು ಈ ಕೆಲಸಕ್ಕೆಂದು ಹುಟ್ಟಿದವಲ್ಲ. ರಿಟುಕ್ಸಿಮ್ಯಾಬ್ ಲಿಂಫೋಮಾದ್ದು. ಬೋರ್ಟೆಜೊಮಿಬ್, ಡಾರಾಟುಮುಮ್ಯಾಬ್ ಮೈಲೋಮಾದವು. ಟೋಸಿಲಿಜುಮ್ಯಾಬ್ ಸಂಧಿವಾತದ್ದು. ಎಲ್ಲ ಪಕ್ಕದ ಮನೆಯಿಂದ ಕಡ ತಂದ ಪಾತ್ರೆಗಳು. ಕಾರಣ ಸರಳ. ರಕ್ತದಲ್ಲಿ ತೇಲುವ ಪ್ರತಿಕಾಯವನ್ನು ತೊಳೆದು ಹಾಕಬಹುದು, ಅದನ್ನು ತಯಾರಿಸುವ ಪ್ಲಾಸ್ಮಾ ಕಣಗಳು ಮೂಳೆಯ ಮಜ್ಜೆಯಲ್ಲಿ ವರ್ಷಗಟ್ಟಲೆ ಅಡಗಿ ಕೂತಿರುತ್ತವೆ. ಬರೆದದ್ದನ್ನು ಅಳಿಸಿದರೂ ಬರೆಯುವ ಕೈ ಉಳಿದಿರುತ್ತದೆ. ಮೈಲೋಮಾ ಎಂದರೆ ಆ ಪ್ಲಾಸ್ಮಾ ಕಣಗಳದ್ದೇ ಕ್ಯಾನ್ಸರ್, ಆದ್ದರಿಂದ ಅದರ ಔಷಧಗಳ ಕಡೆ ಕಸಿ ವೈದ್ಯರ ಕಣ್ಣು ಬಿತ್ತು. ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಪಡೆದ ಇಮ್ಲಿಫಿಡೇಸ್ ಎಂಬ ಕಿಣ್ವ ಕೆಲವೇ ಗಂಟೆಗಳಲ್ಲಿ ಪ್ರತಿಕಾಯಗಳನ್ನು ಕತ್ತರಿಸಿಹಾಕುತ್ತದೆ. ಮೂತ್ರಪಿಂಡ ಕಸಿಗೆ 2020ರಲ್ಲಿ ಯುರೋಪ್ ಅದನ್ನು ಷರತ್ತಿನ ಮೇಲೆ ಒಪ್ಪಿತು. ಕೆಲವು ದಿನಗಳಲ್ಲಿ ಪ್ರತಿಕಾಯ ಮತ್ತೆ ತಲೆಯೆತ್ತುತ್ತದೆ.

ಹೆಚ್ಚಿನ ರೋಗಿಗಳ ಕಾಯುವಿಕೆಯನ್ನು ನಿಜವಾಗಿ ಹಗುರ ಮಾಡಿದ್ದು ಔಷಧಕ್ಕಿಂತ ಪ್ರಯೋಗಾಲಯ. ದಾನಿಯಿಂದ ತೆಗೆದ ಹೃದಯ ಹೊರಗೆ ಸಾಮಾನ್ಯವಾಗಿ ನಾಲ್ಕು ಗಂಟೆಯಷ್ಟು ಇರಬಹುದು. ಪ್ರತಿಕಾಯ ಇರುವ ರೋಗಿಗೆ ಮೊದಲೇ ದಾನಿಯ ಕಣ ತಂದು ಪರೀಕ್ಷಿಸಬೇಕೆಂದರೆ ಪಕ್ಕದ ಊರಿನ ದಾನಿ ಮಾತ್ರ ಆದೀತು, ದೂರದ ಹೃದಯಗಳೆಲ್ಲ ಕೈತಪ್ಪುತ್ತವೆ. 2000ದ ದಶಕದಲ್ಲಿ ಒಂದೊಂದು ಎಚ್‌ಎಲ್‌ಎ ರೂಪವನ್ನೂ ಬೇರೆಬೇರೆ ಮಣಿಗಳಿಗೆ ಅಂಟಿಸಿ ಸೀರಮ್ ಪರೀಕ್ಷಿಸುವ ವಿಧಾನ ಬಂತು. ರೋಗಿಯ ರಕ್ತ ಯಾವ ಗುರುತುಗಳನ್ನು ಒಪ್ಪುವುದಿಲ್ಲ ಎಂಬ ಪಟ್ಟಿ ಮೊದಲೇ ಸಿದ್ಧವಿದ್ದರೆ, ದಾನಿ ಎಲ್ಲೇ ಇರಲಿ, ಕಣ ತರದೆ ಕಾಗದದ ಮೇಲೆಯೇ ಹೊಂದಿಸಿ ನೋಡಬಹುದು. ಇದಕ್ಕೆ ವರ್ಚುವಲ್ ಕ್ರಾಸ್‌ಮ್ಯಾಚ್ ಎನ್ನುತ್ತಾರೆ. ಪ್ರತಿಕಾಯ ಅಳಿಸುವ ಬದಲು ಅದು ಸಹಿಸುವ ಹೃದಯ ಹುಡುಕುವ ದಾರಿ ಇದು. ಅಳಿಸುವ ಪ್ರಯತ್ನಗಳಷ್ಟು ರೋಚಕವಲ್ಲ, ಹೆಚ್ಚು ಜನರಿಗೆ ಉಪಯೋಗವಾದದ್ದು ಇದೇ.

ಪಂಪುಗಳೂ ಬದಲಾದವು. 2001ರಲ್ಲಿ ಪ್ರಕಟವಾದ ರೀಮ್ಯಾಚ್ ಅಧ್ಯಯನದಲ್ಲಿ ಕಸಿಗೆ ಅರ್ಹರಲ್ಲದ 129 ರೋಗಿಗಳನ್ನು ಪಂಪು ಮತ್ತು ಬರೀ ಔಷಧ ಎಂದು ಹಂಚಿದಾಗ, ವರ್ಷದ ಕೊನೆಗೆ ಪಂಪಿನವರಲ್ಲಿ 52 ಶೇಕಡ, ಔಷಧದವರಲ್ಲಿ 25 ಶೇಕಡ ಬದುಕಿದ್ದರು. ಅದು ಹಳೆಯ, ಬಡಿಯುವ ಪಂಪು. 2008ರಲ್ಲಿ ಒಪ್ಪಿಗೆ ಪಡೆದ ಹಾರ್ಟ್‌ಮೇಟ್ 2 ಬಡಿಯುವುದಿಲ್ಲ, ಸಣ್ಣ ತಿರುಗಣೆಯಿಂದ ರಕ್ತವನ್ನು ಒಂದೇ ಸಮನೆ ತಳ್ಳುತ್ತದೆ. ನಾಡಿ ಹಿಡಿದರೆ ಸಿಗುವುದೇ ಕಷ್ಟ. ಇದರಲ್ಲಿ ಆ ದೊಡ್ಡ ಪಾಲಿಯುರಿಥೇನ್ ಪದರ ಇರಲಿಲ್ಲ, ಪ್ರತಿಕಾಯದ ಕಾಟವೂ ಕಡಿಮೆಯಾಯಿತು. ಅದರ ನಂತರದ ಹಾರ್ಟ್‌ಮೇಟ್ 3ರಲ್ಲಿ ರಕ್ತ ತಾಗುವ ಭಾಗಗಳಿಗೆ ಟೈಟಾನಿಯಂ ಗುಂಡುಗಳ ಅದೇ ಒರಟು ಮೈ ಇದೆ, ಪಾಲಿಯುರಿಥೇನ್ ಇಲ್ಲ. ತಪ್ಪೆಲ್ಲ ಒರಟುತನದ್ದು ಎಂದು ತೀರ್ಪು ಕೊಟ್ಟುಬಿಡಲು ಬರುವುದಿಲ್ಲ ಎಂದಾಯಿತು.

ಕಾಟ ಕಡಿಮೆಯಾದದ್ದು ಎಲ್ಲರಿಗೂ ಒಂದೇ ಸಮನಾಗಿ ಅಲ್ಲ. ಪಂಪು ಯಾವುದೇ ಇರಲಿ, ಪ್ರತಿಕಾಯ ಹೆಚ್ಚಾಗಿ ಕಾಣುವುದು ಹೆಂಗಸರಲ್ಲಿ, ಅದರಲ್ಲೂ ಹೆತ್ತವರಲ್ಲಿ. ಎಂದೋ ಹೆರಿಗೆಯಲ್ಲಿ ಕಲಿತ ಪಾಠವನ್ನು ಪಂಪಿನ ಕೆರಳಿಕೆ, ಬಾಟಲಿಯ ರಕ್ತ ಮತ್ತೆ ನೆನಪಿಸುತ್ತವೆ. ಹೀಗಾಗಿ ಯಾರ ಸೀರಮ್‌ನಿಂದ ಎಚ್‌ಎಲ್‌ಎ ಶಾಸ್ತ್ರ ಕಟ್ಟಿದರೋ ಅಂಥವರಿಗೇ ಹೊಂದುವ ಹೃದಯ ಸಿಗುವುದು ಕಷ್ಟ. ಅಮೆರಿಕ 2018ರ ಅಕ್ಟೋಬರಿನಲ್ಲಿ ಹಂಚಿಕೆಯ ನಿಯಮ ಬದಲಿಸಿದಾಗ, ಪಂಪು ಹಾಕಿಕೊಂಡು ಸ್ಥಿರವಾಗಿರುವವರು ಸಾಲಿನಲ್ಲಿ ಹಿಂದಕ್ಕೆ ಸರಿದರು. ಸರದಿ ನಿಧಾನವಾದರೆ ಹೆಚ್ಚು ಸಂಕಟ ಪಡುವವರು ಮೊದಲೇ ಆಯ್ಕೆ ಕಡಿಮೆ ಇದ್ದವರು.

ಈಗ ಪರೀಕ್ಷೆಗೆ ತಾಯಂದಿರ ಸೀರಮ್ ಬೇಕಾಗಿಲ್ಲ, ಮಣಿಗಳಿವೆ. ಆದರೆ ಪಂಪು ಹಾಕುವ ಮೊದಲು, ಕಸಿ ಪಟ್ಟಿಗೆ ಹೆಸರು ಬರೆಯುವಾಗ, ಹೃದಯ ಸೋತು ಬಂದ ಹೆಂಗಸಿನ ಮುಂದೆ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಇದುವರೆಗೆ ಎಷ್ಟು ಸಲ ರಕ್ತ ಹಾಕಿಸಿಕೊಂಡಿದ್ದೀರಿ? ನಿಂತದ್ದು, ಹೋದದ್ದು ಎಲ್ಲ ಸೇರಿ ಎಷ್ಟು ಬಸಿರು?